ಭಾವಚಿತ್ರ ಶಿಬಿರಕ್ಕೆ ಹೊರಡುವ ಮುನ್ನ

ಎರಡು ದಿನದ ಭಾವಚಿತ್ರ ಶಿಬಿರವೆಂದರೆ ಲೆಕ್ಕಕ್ಕೆ ಹನ್ನೆರಡು ಗಂಟೆಯ ಕೆಲಸ. ಅದರಲ್ಲಿ ಉದ್ಘಾಟನೆ, ಪ್ರಾತ್ಯಕ್ಷಿಕೆ, ಊಟ, ಚಹಾ ಕಳೆದರೆ ಆರೇಳು ಗಂಟೆ ಉಳಿಯುತ್ತದೆ. ಮಾಡೆಲ್ ಆಗಿ ಕೂತವರು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೈಕಾಲು ಆಡಿಸಲೇಬೇಕು. ಅದನ್ನೂ ಕಳೆದರೆ, ಮುಖವನ್ನು ನೋಡಿ ಬರೆಯಲು ನಿಜಕ್ಕೂ ಸಿಗುವುದು ಐದು ಗಂಟೆಯ ಆಸುಪಾಸು. ಗಟ್ಟಿಯಾದ ಟ್ಯೂಬಿನ ಮುಚ್ಚಳ ತಿರುಚುತ್ತ, ಅಲ್ಲಾಡುವ ಈಸೆಲ್ ಕಾಲಿಗೆ ರಟ್ಟು ತುರುಕುತ್ತ, ಪಕ್ಕದವರಲ್ಲಿ ಬಿಳಿ ಬಣ್ಣ ಕೇಳುತ್ತ ಕಳೆಯುವ ಹೊತ್ತು ಈ ಐದು ಗಂಟೆಯಿಂದಲೇ ಖರ್ಚಾಗುತ್ತದೆ. ಆದ್ದರಿಂದ ಶಿಬಿರಕ್ಕೆ ಸಾಮಗ್ರಿ ಹೊಂದಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಎದುರಿಗೆ ಕೂತವರನ್ನು ನೋಡುವ ಸಮಯವನ್ನು ಉಳಿಸುತ್ತದೆಯೇ, ತಿನ್ನುತ್ತದೆಯೇ?

ಆಯೋಜಕರು ಕಳಿಸುವ ಪಟ್ಟಿಗಳು ಬಹುಪಾಲು ಯುರೋಪು, ಅಮೆರಿಕದ ಪುಸ್ತಕಗಳನ್ನು ಅನುಸರಿಸಿರುತ್ತವೆ. ಅಲ್ಲಿನ ಬೆಳಕು, ಅಲ್ಲಿನ ಮೈಬಣ್ಣ, ಅಲ್ಲಿನ ಹವೆಗೆ ಹೊಂದುವ ಸಲಹೆಗಳು ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಿ ಯಥಾವತ್ತು ನಡೆಯುವುದಿಲ್ಲ. ಇಲ್ಲಿ ಮುಖ್ಯವಾಗಿ ತೈಲವರ್ಣದ ಶಿಬಿರವನ್ನು ಗಮನದಲ್ಲಿಟ್ಟುಕೊಳ್ಳಲಾಗಿದೆ.

ನಾಲ್ಕು ಬಣ್ಣಗಳಿಂದ ಶುರು

ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860–1920) ತನ್ನ ಕಾಲದ ಅತ್ಯಂತ ಬೇಡಿಕೆಯ ಭಾವಚಿತ್ರಕಾರರಲ್ಲೊಬ್ಬ. 1896ರಲ್ಲಿ ಅವನು ಬರೆದ ಸ್ವಂತ ಚಿತ್ರವೊಂದು ಸ್ಟಾಕ್‌ಹೋಮಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಅವನ ಕೈಯಲ್ಲಿರುವ ಪ್ಯಾಲೆಟ್ ಮೇಲೆ ಕಾಣುವ ಬಣ್ಣಗಳು ಕೆಲವೇ. ಬಿಳಿ, ಯೆಲ್ಲೋ ಓಕರ್, ವರ್ಮಿಲಿಯನ್, ಐವರಿ ಬ್ಲ್ಯಾಕ್ ಎಂಬ ಈ ನಾಲ್ಕರ ಕೂಟವನ್ನು ಚಿತ್ರಕಾರರು ಇಂದಿಗೂ ಜೋರ್ನ್ ಪ್ಯಾಲೆಟ್ ಎಂದೇ ಕರೆಯುತ್ತಾರೆ. ನೀಲಿ ಇಲ್ಲವಲ್ಲ ಎಂದು ಹೆದರಬೇಕಿಲ್ಲ. ಐವರಿ ಬ್ಲ್ಯಾಕ್‌ಗೆ ಬಿಳಿ ಬೆರೆಸಿ ಕೆಂಪು, ಹಳದಿಗಳ ಪಕ್ಕದಲ್ಲಿಟ್ಟರೆ ಅದು ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ. ವರ್ಮಿಲಿಯನ್ ಎಂದರೆ ಪಾದರಸದ ಸಂಯುಕ್ತವಾದ ಇಂಗಳೀಕ. ಈಗ ಅದರ ಜಾಗದಲ್ಲಿ ಕ್ಯಾಡ್ಮಿಯಂ ರೆಡ್ ಲೈಟ್ ಬಳಸುತ್ತಾರೆ.

ಮೊದಲ ಸಲ ಶಿಬಿರಕ್ಕೆ ಹೋಗುವವರಿಗೆ ಈ ನಾಲ್ಕು ಬಣ್ಣ ಒಳ್ಳೆಯ ಅಡಿಪಾಯ. ಆದರೆ ನಮ್ಮ ಮುಖಗಳಿಗೆ ಅವಷ್ಟೇ ಸಾಲುವುದಿಲ್ಲ. ಎಣ್ಣೆಗಪ್ಪು, ಗೋಧಿ, ಕಂದು ಮೈಬಣ್ಣದ ಆಳ ಬರಬೇಕಾದರೆ ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್ ಎರಡೂ ಬೇಕು. ನೆರಳಿನ ಗಾಢ ಕೆಂಪಿಗೆ ಅಲಿಝರಿನ್ ಕ್ರಿಮ್ಸನ್, ತಂಪಿಗೆ ಅಲ್ಟ್ರಾಮರೀನ್ ನೀಲಿ. ಅಲ್ಲಿಗೆ ಎಂಟಾಯಿತು. ಇದಕ್ಕಿಂತ ಹೆಚ್ಚು ಟ್ಯೂಬುಗಳಿದ್ದರೆ ಮುಖ ನೋಡುವುದಕ್ಕಿಂತ ಹೆಚ್ಚು ಸಮಯ ಟ್ಯೂಬು ಆರಿಸುವುದರಲ್ಲೇ ಹೋಗುತ್ತದೆ.

ಅಂಗಡಿಯಲ್ಲಿ ‘ಫ್ಲೆಶ್ ಟಿಂಟ್’ ಎಂಬ ಹೆಸರಿನ ಸಿದ್ಧ ಬಣ್ಣ ಸಿಗುತ್ತದೆ. ಅದನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಯಾರದೋ ತಿಳಿಗುಲಾಬಿ ಕೆನ್ನೆಗೆ ತಯಾರಾದ ಆ ಬಣ್ಣ ಇಲ್ಲಿನ ಯಾವ ಮುಖಕ್ಕೂ ಕೂರುವುದಿಲ್ಲ. ಇನ್ನೊಂದು ಸಾಮಾನ್ಯ ತೊಂದರೆಯೂ ಇಲ್ಲಿಯೇ ಹುಟ್ಟುತ್ತದೆ. ಕಂದು ಚರ್ಮದ ಬೆಳಕಿನ ಭಾಗವನ್ನು ಬರೆಯಲು ಕಂದಿಗೆ ನೇರವಾಗಿ ಬಿಳಿ ಸುರಿದರೆ ಮುಖ ಬೂದಿ ಬಳಿದಂತಾಗುತ್ತದೆ. ಮೊದಲು ಓಕರ್ ಮತ್ತು ಸ್ವಲ್ಪ ಕ್ಯಾಡ್ಮಿಯಂ ಕೆಂಪಿನಿಂದ ಬಣ್ಣವನ್ನು ಮೇಲೆತ್ತಿ, ಬಿಳಿಯನ್ನು ಕೊನೆಯಲ್ಲಿ ಹಿತಮಿತವಾಗಿ ಸೇರಿಸಬೇಕು. ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆಯ ಮೇಲಿನ ಹೊಳಪಿನ ಮಾತು ಬೇರೆ. ಕಪ್ಪು ಚರ್ಮದಲ್ಲಿ ಆ ಹೊಳಪು ಕಿಟಕಿಯಾಚೆಯ ಆಕಾಶವನ್ನೇ ಪ್ರತಿಫಲಿಸುವುದರಿಂದ ತಣ್ಣನೆಯ ಬೂದು ನೀಲಿಯಾಗಿರುತ್ತದೆ. ಅಲ್ಟ್ರಾಮರೀನ್ ನೀಲಿಯನ್ನು ಪಟ್ಟಿಗೆ ಸೇರಿಸಿದ್ದು ಇದಕ್ಕಾಗಿಯೇ.

ಟ್ಯೂಬಿನ ಮೇಲಿನ ಹೆಸರಿಗಿಂತ ಅದರ ಹಿಂಭಾಗದ ಸಣ್ಣಕ್ಷರಗಳಲ್ಲಿ ಹೆಚ್ಚು ಸತ್ಯವಿದೆ. ಪಿಡಬ್ಲ್ಯೂ 6 ಎಂದಿದ್ದರೆ ಅದು ಟೈಟೇನಿಯಂ ವೈಟ್, ಪಿವೈ 43 ಎಂದರೆ ಮಣ್ಣಿನಿಂದ ಬರುವ ಓಕರ್, ಪಿಆರ್ 108 ಎಂದರೆ ಅಸಲಿ ಕ್ಯಾಡ್ಮಿಯಂ ಕೆಂಪು, ಪಿಬಿ 29 ಎಂದರೆ ಅಲ್ಟ್ರಾಮರೀನ್. ಯಾವ ದೇಶದ, ಯಾವ ಕಂಪನಿಯ ಟ್ಯೂಬಾದರೂ ಈ ಸಂಖ್ಯೆಗಳ ಅರ್ಥ ಬದಲಾಗದು. ಹೆಸರಿನ ಜೊತೆಗೆ ‘ಹ್ಯೂ’ ಎಂದಿದ್ದರೆ ಒಳಗಿರುವುದು ಆ ವರ್ಣದ್ರವ್ಯವಲ್ಲ, ಅದನ್ನು ಹೋಲುವ ಅಗ್ಗದ ಮಿಶ್ರಣ. ಅಲಿಝರಿನ್ ಕೊಳ್ಳುವಾಗಲಂತೂ ಸಂಖ್ಯೆ ನೋಡಲೇಬೇಕು. ಪಿಆರ್ 83 ಬೆಳಕಿಗೆ ಮಾಸುವ ಬಣ್ಣ. ‘ಪರ್ಮನೆಂಟ್’ ಎಂಬ ಹೆಸರಿನಲ್ಲಿ ಪಿಆರ್ 177ರಂಥ ಬೇರೆ ದ್ರವ್ಯದಿಂದ ಮಾಡಿದ್ದು ಬಾಳಿಕೆ ಬರುತ್ತದೆ.

ಕ್ಯಾಮೆಲ್‌ನಂಥ ನಮ್ಮ ಬ್ರ್ಯಾಂಡುಗಳಲ್ಲಿ ವಿದ್ಯಾರ್ಥಿ ದರ್ಜೆ, ಕಲಾವಿದರ ದರ್ಜೆ ಎರಡೂ ಸಿಗುತ್ತವೆ. ಹಣ ಸೀಮಿತವಾಗಿದ್ದರೆ ಮಣ್ಣಿನ ಬಣ್ಣಗಳನ್ನು ವಿದ್ಯಾರ್ಥಿ ದರ್ಜೆಯಲ್ಲಿ ಕೊಂಡರೂ ನಡೆದೀತು. ಓಕರ್, ಅಂಬರ್‌ಗಳು ಹೇಗೂ ಅಗ್ಗದ ದ್ರವ್ಯಗಳಾದ್ದರಿಂದ ವ್ಯತ್ಯಾಸ ಕಡಿಮೆ. ಬಿಳಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮುಖದ ಬೆಳಕಿನ ಭಾಗದ ಪ್ರತಿ ಮಿಶ್ರಣದಲ್ಲೂ ಅದಿರುತ್ತದೆ. ಎಲ್ಲಕ್ಕಿಂತ ಮೊದಲು ಖಾಲಿಯಾಗುವುದೂ ಅದೇ. ಸಿಗುವ ದೊಡ್ಡ ಟ್ಯೂಬನ್ನೇ ಕೊಳ್ಳಬೇಕು. ಹಳೆಯ ಗುರುಗಳು ಬಳಸುತ್ತಿದ್ದ ಸೀಸದ ಬಿಳಿ ವಿಷಕಾರಿ. 1920ರ ದಶಕದಿಂದೀಚೆಗೆ ಬಳಕೆಗೆ ಬಂದ ಟೈಟೇನಿಯಂ ಬಿಳಿಯೇ ಶಿಬಿರಕ್ಕೆ ಸುರಕ್ಷಿತ.

ಉತ್ತರದ ಕಿಟಕಿಯ ಮಾತು

ಸ್ಟುಡಿಯೋಕ್ಕೆ ಉತ್ತರದ ಬೆಳಕೇ ಶ್ರೇಷ್ಠವೆಂದು ಪುಸ್ತಕಗಳೆಲ್ಲ ಹೇಳುತ್ತವೆ. ಪ್ಯಾರಿಸ್, ಲಂಡನ್‌ಗಳಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ ಉತ್ತರದ ಕಿಟಕಿಗೆ ನಡುಹಗಲಿನಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಆಕಾಶದ ಹದವಾದ, ಏಕರೀತಿಯ ಬೆಳಕಷ್ಟೇ ಒಳಬರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯ ವಾರದಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ. ಮರಳುವುದು ಆಗಸ್ಟ್ ಮಧ್ಯದ ನಂತರ. ಬೇಸಿಗೆ ರಜೆಯ ಶಿಬಿರಗಳು ನಡೆಯುವುದು ಸರಿಯಾಗಿ ಇದೇ ಅವಧಿಯಲ್ಲಿ! ಜೊತೆಗೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರದ ಕಡೆಗೆ ಸರಿದಿರುವುದರಿಂದ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯೊಳಗೇ ನುಗ್ಗುತ್ತದೆ. ಹತ್ತು ಗಂಟೆಗೆ ಕೆನ್ನೆಯ ಮೇಲಿದ್ದ ನೆರಳು ಹನ್ನೊಂದಕ್ಕೆ ಇರುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಕಿಟಕಿಗೆ ಬಿಳಿ ಮಲ್‌ಮಲ್ ಬಟ್ಟೆಯನ್ನೋ ಟ್ರೇಸಿಂಗ್ ಪೇಪರನ್ನೋ ಅಂಟಿಸಿದರೆ ಬಿಸಿಲು ಹರಡಿ ಮೆದುವಾಗುತ್ತದೆ. ಅದರ ಮೇಲೂ ಭರವಸೆ ಇಲ್ಲದಿದ್ದರೆ ಆಯೋಜಕರು ಕಿಟಕಿ ಮುಚ್ಚಿ, 5000 ಕೆಲ್ವಿನ್‌ನ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬುದರ ಅಳತೆಯಾದ ಸಿಆರ್‌ಐ 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ದೀಪವೊಂದನ್ನು ಮಾಡೆಲ್‌ನ ತಲೆಗಿಂತ ಮೇಲೆ, ಒಂದು ಪಕ್ಕಕ್ಕೆ, ಸುಮಾರು 45 ಡಿಗ್ರಿ ಕೋನದಲ್ಲಿ ಇಡಬಹುದು. ಚಾವಣಿಯ ಟ್ಯೂಬ್‌ಲೈಟುಗಳನ್ನು ಆರಿಸಲೇಬೇಕು. ನಾಲ್ಕೂ ಕಡೆಯಿಂದ ಬೀಳುವ ಬೆಳಕು ಕಣ್ಣಿನ ಗುಳಿ, ಮೂಗಿನ ನೆರಳು, ದವಡೆಯ ತಿರುವುಗಳನ್ನೆಲ್ಲ ಅಳಿಸಿಹಾಕುತ್ತದೆ. ನೆರಳಿಲ್ಲದ ಮುಖದಲ್ಲಿ ಹೊಸಬರಿಗೆ ಆಕಾರ ಹುಡುಕುವುದು ಬಹಳ ಕಷ್ಟ.

ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಸಂಗ್ರಹಾಲಯದಲ್ಲಿರುವ ಎಸ್. ಎಲ್. ಹಲ್ದಣ್ಕರ್ ಅವರ ‘ಗ್ಲೋ ಆಫ್ ಹೋಪ್’ ಚಿತ್ರವನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ದೀಪ ಹಿಡಿದು ನಿಂತ ಹೆಣ್ಣಿನ ಆ ಜಲವರ್ಣ ಚಿತ್ರವನ್ನು ರವಿವರ್ಮನದೆಂದು ತಪ್ಪಾಗಿ ತಿಳಿದವರು ಇಂದಿಗೂ ಇದ್ದಾರೆ. ಅಲ್ಲಿ ಬೆಳಕಿನ ಮೂಲ ಒಂದೇ, ಅದು ಬರುವ ದಿಕ್ಕೂ ಒಂದೇ. ಕೈಬೆರಳ ಸಂದಿಯಿಂದ ತೂರಿಬರುವ ಕೆಂಪಿನಿಂದ ಸೀರೆಯ ಮಡಿಕೆಯ ನೆರಳಿನವರೆಗೆ ಎಲ್ಲವೂ ಆ ಒಂದು ದೀಪಕ್ಕೆ ವಿಧೇಯ. ಅದೇ ಸಂಗ್ರಹಾಲಯದಲ್ಲಿ ರವಿವರ್ಮನ ತೈಲಚಿತ್ರಗಳೂ ಇವೆ. ಶಿಬಿರಕ್ಕೆ ಮುಂಚಿನ ಒಂದು ಬೆಳಗನ್ನು ಅಲ್ಲಿ ಕಳೆಯುವುದು ಹೊಸ ಕುಂಚ ಕೊಳ್ಳುವುದಕ್ಕಿಂತ ಹೆಚ್ಚು ಪ್ರಯೋಜನ ಕೊಡುವ ಸಿದ್ಧತೆ.

ಬೆಳಕಿನ ಬಗ್ಗೆ ಇನ್ನೆರಡು ಎಚ್ಚರಿಕೆಗಳಿವೆ. ಕೆಂಪು ಗಾರೆಯ ನೆಲವಿರುವ ಹಳೆಯ ಕಟ್ಟಡಗಳಲ್ಲಿ ನೆಲದ ಕೆಂಪು ಗಲ್ಲದ ಕೆಳಗೆ ಹೊಡೆಯುತ್ತದೆ. ಹಸಿರು ಗೋಡೆಯಾದರೆ ಕಿವಿಯ ಪಕ್ಕ ಹಸಿರಾಗುತ್ತದೆ. ಅಂಥ ಕಡೆ ಬೂದು ಅಥವಾ ಕಂದು ಬಣ್ಣದ ಬಟ್ಟೆ ಹಾಸಿ, ಹಿಂದೆ ಒಂದು ತೂಗುಬಿಟ್ಟರೆ ಸಾಕು. ಎರಡನೆಯದು, ಮಾಡೆಲ್ ಮೇಲಿನ ಬೆಳಕಿನ ಬಣ್ಣವೂ ಕ್ಯಾನ್ವಾಸ್ ಮೇಲಿನ ಬೆಳಕಿನ ಬಣ್ಣವೂ ಒಂದೇ ಇರಬೇಕು. ಹಳದಿ ಬಲ್ಬಿನ ಕೆಳಗೆ ಬೆರೆಸಿದ ಬಣ್ಣ ಹಗಲಿಗೆ ತಂದಾಗ ಬೇರೆಯದೇ ಕಾಣುತ್ತದೆ.

ಕ್ಯಾನ್ವಾಸ್ ಮತ್ತು ಕುಂಚ

ವಯಸ್ಕರ ತಲೆ ನೆತ್ತಿಯಿಂದ ಗಲ್ಲದವರೆಗೆ ಸರಿಸುಮಾರು ಒಂಬತ್ತು ಇಂಚು. 16x20 ಇಂಚಿನ ಕ್ಯಾನ್ವಾಸ್‌ನಲ್ಲಿ ಅದಕ್ಕಿಂತ ಕೊಂಚ ಚಿಕ್ಕದಾಗಿ ಬರೆದರೆ ತಲೆ, ಕುತ್ತಿಗೆ, ಭುಜ ಎಲ್ಲಕ್ಕೂ ಜಾಗ ಸಿಗುತ್ತದೆ. ಇದಕ್ಕಿಂತ ದೊಡ್ಡ ಅಳತೆಯನ್ನು ಎರಡು ದಿನದಲ್ಲಿ ತುಂಬಿಸುವುದೇ ಹೊರೆ. ಅಂಗಡಿಯ ಕ್ಯಾನ್ವಾಸ್ ಪ್ರೈಮ್ ಆಗಿಯೇ ಬರುತ್ತದೆ. ಬಿಡಿ ಬಟ್ಟೆ ತಂದು ಕಟ್ಟಿಕೊಳ್ಳುವವರು ಕನಿಷ್ಠ ಎರಡು ಕೋಟ್ ಗೆಸ್ಸೊ ಹಚ್ಚಬೇಕು; ಇಲ್ಲವಾದರೆ ಎಣ್ಣೆ ನೂಲಿಗಿಳಿದು ಬಟ್ಟೆಯನ್ನೇ ಕೊಳೆಸುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬಿಗಿದ ಕ್ಯಾನ್ವಾಸ್ ಜೋಲುಬೀಳುವುದರಿಂದ ಅಲ್ಲಿ ಕ್ಯಾನ್ವಾಸ್ ಬೋರ್ಡ್ ಅಥವಾ ಗೆಸ್ಸೊ ಹಚ್ಚಿದ ಎಂಡಿಎಫ್ ಹಲಗೆ ಮೇಲು.

ಬಿಳಿ ಕ್ಯಾನ್ವಾಸನ್ನು ಹಾಗೆಯೇ ಒಯ್ಯಬಾರದು. ಕಣ್ಣು ಕುಕ್ಕುವ ಬಿಳಿಯ ಪಕ್ಕದಲ್ಲಿ ಯಾವ ಚರ್ಮದ ಬಣ್ಣವೂ ಅಗತ್ಯಕ್ಕಿಂತ ಕಪ್ಪಾಗಿ ಕಾಣುವುದರಿಂದ ಎಲ್ಲವನ್ನೂ ತಿಳಿಯಾಗಿ ಬರೆದುಬಿಡುತ್ತೇವೆ. ಮನೆಯಲ್ಲೇ ಅಕ್ರಿಲಿಕ್ ಅಂಬರನ್ನು ನೀರಿನಲ್ಲಿ ತೆಳುಮಾಡಿ ಬಳಿದು ಒರೆಸಿದರೆ ನಡುಮಟ್ಟದ ಕಂದು ತಳ ಸಿದ್ಧವಾಗುತ್ತದೆ. ಒಂದು ಗಂಟೆಯಲ್ಲಿ ಒಣಗುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಹಚ್ಚಬಹುದು. ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ.

ಕುಂಚಗಳಲ್ಲಿ ಹಂದಿಗೂದಲಿನ ಫಿಲ್ಬರ್ಟ್ 4, 6, 8, 10 ಸಂಖ್ಯೆಯವು ಎರಡೆರಡು ಇದ್ದರೆ ಒಂದನ್ನು ಬೆಳಕಿನ ಬಣ್ಣಗಳಿಗೆ, ಇನ್ನೊಂದನ್ನು ನೆರಳಿಗೆ ಮೀಸಲಿಡಬಹುದು. ಈ ಒಂದು ಏರ್ಪಾಡಿನಿಂದ ಪದೇ ಪದೇ ತೊಳೆಯುವ ಕೆಲಸ ಅರ್ಧಕ್ಕಿಳಿಯುತ್ತದೆ, ಬಣ್ಣವೂ ರಾಡಿಯಾಗುವುದಿಲ್ಲ. ರೆಪ್ಪೆ, ತುಟಿಯಂಚಿಗೆ ಮೆದುವಾದ ಸಿಂಥೆಟಿಕ್ ಕುಂಚ ಒಂದು ಸಾಕು. ಅದನ್ನು ಕೊನೆಯ ಗಂಟೆಯವರೆಗೆ ಪೆಟ್ಟಿಗೆಯಲ್ಲೇ ಇಟ್ಟಿರುವುದು ಒಳ್ಳೆಯದು. ಕೈಗೆ ಸಿಕ್ಕರೆ ಮೊದಲ ಅರ್ಧಗಂಟೆಯಲ್ಲೇ ರೆಪ್ಪೆಗೂದಲು ಬರೆಯುವ ಆಸೆ ಹುಟ್ಟುತ್ತದೆ. ಪ್ಯಾಲೆಟ್ ಚಾಕು, ಕ್ಯಾನ್ವಾಸಿನ ತಳಕ್ಕೆ ಹೊಂದುವ ಕಂದು ಅಥವಾ ಬೂದು ಬಣ್ಣದ ಪ್ಯಾಲೆಟ್, ಕರಡು ರೇಖೆಗೆ ಮೆದು ಇದ್ದಿಲು ಕಡ್ಡಿ ಬೇಕು. ಒತ್ತಿ ಮಾಡಿದ ಇದ್ದಿಲು ಒರೆಸಿದರೆ ಹೋಗುವುದಿಲ್ಲವಾದ್ದರಿಂದ ಅದು ಬೇಡ.

ಹಳೆಯ ಹತ್ತಿ ಪಂಚೆಯಷ್ಟು ಒಳ್ಳೆಯ ಒರೆಸುಬಟ್ಟೆ ಇನ್ನೊಂದಿಲ್ಲ. ಹರಿದು ತುಂಡುಮಾಡಿ ಒಂದು ಚೀಲ ತುಂಬ ಒಯ್ದರೂ ಸಂಜೆಗೆ ಮುಗಿದಿರುತ್ತದೆ.

ಅಳತೆಗೆ, ತಪ್ಪು ಹಿಡಿಯುವುದಕ್ಕೆ ಬೇಕಾದ ಸಾಧನಗಳಿಗೆ ಹೆಚ್ಚು ಖರ್ಚಿಲ್ಲ. ನೆಟ್ಟಗಿರುವ ಸೈಕಲ್ ಕಡ್ಡಿಯೊಂದನ್ನು ತೋಳು ಪೂರ್ತಿ ಚಾಚಿ ಹಿಡಿದು ಹುಬ್ಬಿನಿಂದ ಮೂಗು, ಮೂಗಿನಿಂದ ಗಲ್ಲದ ಅಂತರಗಳನ್ನು ಹೋಲಿಸಬಹುದು. ದಾರಕ್ಕೆ ನಟ್ಟು ಕಟ್ಟಿ ತೂಗಿದರೆ ಕಣ್ಣಿನ ಒಳಮೂಲೆಯ ನೇರ ಕೆಳಗೆ ಮೂಗಿನ ಹೊಳ್ಳೆ ಬರುತ್ತದೆಯೇ ಎಂದು ತಿಳಿಯುತ್ತದೆ. ಸಣ್ಣ ಕೈಗನ್ನಡಿ ಮರೆಯಬಾರದು. ಚಿತ್ರವನ್ನು ಸಪಾಟು ಕನ್ನಡಿಯಲ್ಲಿ ನೋಡಿಕೊಳ್ಳಿ ಎಂದು ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷ ಹಿಂದೆಯೇ ಟಿಪ್ಪಣಿ ಮಾಡಿದ್ದ. ಎಡಬಲ ತಿರುಗಿದ ಪ್ರತಿಬಿಂಬದಲ್ಲಿ ಓರೆಯಾದ ಕಣ್ಣು ಕೂಡಲೇ ಎದ್ದು ಕಾಣುತ್ತದೆ. ಮೊಬೈಲಿನಲ್ಲಿ ಚಿತ್ರದ ಫೋಟೊ ತೆಗೆದು ಕಪ್ಪುಬಿಳುಪಿಗೆ ಬದಲಿಸಿದರೆ ಬೆಳಕು ನೆರಳಿನ ಹದ ತಪ್ಪಿರುವುದೂ ಗೊತ್ತಾಗುತ್ತದೆ.

ಟರ್ಪೆಂಟೈನ್, ಎಣ್ಣೆ, ಬೆಂಕಿ

ಈ ಭಾಗವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ತೆಳುಮಾಡಲು ಕೊಡುವ ಟರ್ಪೆಂಟೈನ್ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು, ವಾಸನೆ ಘಾಟು. ಕುಂಚ ತೊಳೆಯಲು ಅದು ಸಾಕು. ಬಣ್ಣಕ್ಕೆ ಬೆರೆಸಲು ಕಲಾ ಸಾಮಗ್ರಿ ಅಂಗಡಿಯ ಶುದ್ಧ ಟರ್ಪೆಂಟೈನ್ ಅಥವಾ ಕಡಿಮೆ ವಾಸನೆಯ ದ್ರಾವಕ ಬೇಕು. ಇಪ್ಪತ್ತು ಜನ ಇಪ್ಪತ್ತು ಬಟ್ಟಲು ತೆರೆದಿಟ್ಟ ಏಸಿ ಕೋಣೆಯಲ್ಲಿ ಕಿಟಕಿ ಮುಚ್ಚಿದ್ದರೆ ತಲೆನೋವು, ಕಣ್ಣುರಿ ಖಂಡಿತ. ಮುಚ್ಚಳವಿರುವ ಡಬ್ಬಿ ಬಳಸಬೇಕು, ಗಾಳಿ ಆಡುವಂತಿರಬೇಕು.

ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆ ಕ್ರಿಯೆಯಲ್ಲಿ ಶಾಖ ಹೊರಬೀಳುತ್ತದೆ. ಎಣ್ಣೆ ನೆನೆದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಯಲ್ಲಿ ರಾಶಿ ಹಾಕಿದರೆ ಆ ಶಾಖ ಹೋಗಲು ದಾರಿಯಿಲ್ಲದೆ ಏರುತ್ತ ಹೋಗಿ, ಕಿಡಿಯಿಲ್ಲದೆಯೇ ಬೆಂಕಿ ಹತ್ತಿಕೊಳ್ಳಬಹುದು. ಸಂಜೆ ಹೊರಡುವ ಮುನ್ನ ಬಟ್ಟೆಗಳನ್ನು ಬಯಲಿನಲ್ಲಿ ಬಿಡಿಬಿಡಿಯಾಗಿ ಹರವಬೇಕು, ಅಥವಾ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಇದು ಆಯೋಜಕರ ಹೊಣೆ. ಪ್ರತಿಯೊಬ್ಬ ಶಿಬಿರಾರ್ಥಿಯ ಹೊಣೆಯೂ ಹೌದು.

ದೂರದೂರಿನಿಂದ ಬರುವವರು ಟರ್ಪೆಂಟೈನನ್ನು ಶಿಬಿರದ ಊರಿನಲ್ಲೇ ಕೊಳ್ಳಬೇಕು. ಬೇಗ ಹೊತ್ತಿಕೊಳ್ಳುವ ದ್ರವಗಳನ್ನು ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಒಯ್ಯುವಂತಿಲ್ಲ. ವಿಮಾನದಲ್ಲಿ ಪ್ಯಾಲೆಟ್ ಚಾಕುವೂ ಕೈಚೀಲದಲ್ಲಿ ಇರಬಾರದು.

ದ್ರಾವಕ ಮತ್ತು ಎಣ್ಣೆಯ ಪ್ರಮಾಣಕ್ಕೂ ಒಂದು ಕ್ರಮವಿದೆ. ಮೊದಲ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಪದರಗಳಿಗೆ ಎಣ್ಣೆ ಹೆಚ್ಚಬೇಕು. ತಿರುವುಮುರುವಾದರೆ ಮೇಲಿನದು ಬೇಗ ಒಣಗಿ, ಕೆಳಗಿನದು ಸರಿದಾಗ ಬಿರುಕು ಬಿಡುತ್ತದೆ. ಮೊದಲ ದಿನದ ಕೆಲಸವನ್ನು ಬರ್ಂಟ್ ಅಂಬರಿನಲ್ಲಿ ತೆಳುವಾಗಿ ಮುಗಿಸುವುದರಲ್ಲಿ ಇನ್ನೊಂದು ಲಾಭವಿದೆ. ಅಂಬರಿನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುವುದರಿಂದ ಮರುದಿನ ಬೆಳಿಗ್ಗೆ ಅದರ ಮೇಲೆ ಧೈರ್ಯವಾಗಿ ಬಣ್ಣ ಹಚ್ಚಬಹುದು. ಐವರಿ ಬ್ಲ್ಯಾಕ್ ಇದಕ್ಕೆ ವಿರುದ್ಧ, ದಿನಗಟ್ಟಲೆ ಹಸಿಯಾಗಿರುತ್ತದೆ.

ಎದುರಿಗೆ ಕೂರುವವರಿಗಾಗಿ

ಸಾಮಗ್ರಿ ಪಟ್ಟಿಗಳಲ್ಲಿ ಮಾಡೆಲ್‌ಗೆ ಬೇಕಾದ ವಸ್ತುಗಳಿಗೆ ಜಾಗವೇ ಇರುವುದಿಲ್ಲ. ಇದು ದೊಡ್ಡ ಕೊರತೆ. ಕೈಯಿರುವ ಗಟ್ಟಿ ಕುರ್ಚಿ, ಬೆನ್ನಿಗೆ ದಿಂಬು, ಕಾಲಿಗೆ ಮಣೆ, ಕುಡಿಯಲು ನೀರು ಬೇಕು. ಫ್ಯಾನಿನ ಗಾಳಿ ಮೈಗೆ ತಾಗಬೇಕು, ಕೂದಲು ಹಾರಬಾರದು. ಕುರ್ಚಿಯ ಕಾಲು, ಕೂತವರ ಪಾದ ಇರುವ ಜಾಗವನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿದರೆ ಪ್ರತಿ ವಿರಾಮದ ನಂತರ ಅದೇ ಭಂಗಿಗೆ ಮರಳುವುದು ಸುಲಭ. ದೃಷ್ಟಿ ನೆಡಲು ಎದುರು ಗೋಡೆಯ ಮೇಲೊಂದು ಚುಕ್ಕೆ ಇರಲಿ. ಕುರ್ಚಿಯನ್ನು ಒಂದಡಿ ಎತ್ತರದ ಹಲಗೆಯ ಮೇಲಿಟ್ಟರೆ ನಿಂತು ಬರೆಯುವವರ ಕಣ್ಣಿನ ಮಟ್ಟಕ್ಕೆ ಮುಖ ಬರುತ್ತದೆ. ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಬೇಕು, ಸಂಭಾವನೆಯ ಮಾತು ಮೊದಲೇ ಆಗಿರಬೇಕು. ತಾಸುಗಟ್ಟಲೆ ಅಲುಗದೆ ಕೂರುವುದು ದುಡಿಮೆಯೇ.

ಈಸೆಲ್‌ಗಳನ್ನು ಮಾಡೆಲ್‌ನಿಂದ ಆರೆಂಟು ಅಡಿ ದೂರದಲ್ಲಿ ಇಟ್ಟು, ಪ್ರತಿಯೊಬ್ಬರ ಹಿಂದೆ ನಾಲ್ಕು ಹೆಜ್ಜೆ ಸರಿಯುವಷ್ಟು ಜಾಗ ಬಿಡಬೇಕು. ಹೆಸರಾಂತ ಭಾವಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಕ್ಯಾನ್ವಾಸನ್ನು ಮಾಡೆಲ್‌ನ ಪಕ್ಕದಲ್ಲೇ ನಿಲ್ಲಿಸಿ, ದೂರ ಹೋಗಿ ಎರಡನ್ನೂ ಒಟ್ಟಿಗೆ ನೋಡಿ, ನಡೆದುಬಂದು ಬಣ್ಣ ಹಚ್ಚಿ, ಮತ್ತೆ ಹಿಂದೆ ಸರಿಯುತ್ತಿದ್ದ. ಕೋಣೆ ಚಿಕ್ಕದಾದರೆ ಶಿಬಿರಾರ್ಥಿಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕೇ ಹೊರತು ಹಿಂದೆ ಸರಿಯುವ ಜಾಗವನ್ನಲ್ಲ.

ಪ್ರಾತ್ಯಕ್ಷಿಕೆಗೆ ನೋಟ್‌ಬುಕ್ಕೂ ಪೆನ್ಸಿಲ್ಲೂ ಬೇಕು. ಎಲ್ಲರೂ ಗುರುಗಳ ಕ್ಯಾನ್ವಾಸ್ ಕಾಣುವಂತೆ ಕೂರುತ್ತಾರೆ. ಕಲಿಯಬೇಕಾದದ್ದು ಹೆಚ್ಚಾಗಿ ನಡೆಯುವುದು ಪ್ಯಾಲೆಟ್ ಮೇಲೆ. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಿದರು ಎಂಬುದು ಕಾಣುವ ಕಡೆ ಕೂತು ಬರೆದುಕೊಳ್ಳಬೇಕು. 1868ರಲ್ಲಿ ತಿರುವಾಂಕೂರಿಗೆ ಬಂದ ಚಿತ್ರಕಾರ ಥಿಯೋಡರ್ ಜೆನ್ಸನ್ ಬಣ್ಣ ಹಚ್ಚುವುದನ್ನು ಗಮನವಿಟ್ಟು ನೋಡಿಯೇ ತರುಣ ರವಿವರ್ಮ ತೈಲವರ್ಣದ ಹಿಡಿತ ಸಾಧಿಸಿಕೊಂಡ.

ಅಕ್ರಿಲಿಕ್ ಶಿಬಿರವಾದರೆ

ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅಕ್ರಿಲಿಕ್ ಬಣ್ಣ ಪ್ಯಾಲೆಟ್ ಮೇಲೇ ಒಣಗಿ ಚಕ್ಕೆಯಾಗುತ್ತದೆ. ತಟ್ಟೆಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಹಾಕಿದರೆ ದಿನವಿಡೀ ಹಸಿಯಾಗಿರುತ್ತದೆ. ನೀರು ಚಿಮುಕಿಸುವ ಬಾಟಲಿ, ಒಣಗುವುದನ್ನು ತಡೆಯುವ ರಿಟಾರ್ಡರ್ ಜೊತೆಗಿರಲಿ. ಕುಂಚಗಳು ಸಿಂಥೆಟಿಕ್ ಆಗಿರಬೇಕು, ಸದಾ ನೀರಿನ ಸಂಪರ್ಕದಲ್ಲಿರಬೇಕು.

ಹಿಂದಿನ ವಾರ, ಹಿಂದಿರುಗುವ ದಿನ

ಶಿಬಿರದ ಹಿಂದಿನ ವಾರ ಎಲ್ಲ ಟ್ಯೂಬುಗಳ ಮುಚ್ಚಳ ತೆರೆದು ನೋಡಬೇಕು. ಕಚ್ಚಿಕೊಂಡಿದ್ದರೆ ಟ್ಯೂಬಿನ ಕತ್ತನ್ನು ಬಿಸಿನೀರಿನಲ್ಲಿ ಅದ್ದಿ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಈಸೆಲ್ ಮಡಚಿ ಬಿಡಿಸಿ, ಸ್ಕ್ರೂ ಬಿಗಿಮಾಡಿ, ಅದರ ಮೇಲೆ ಕ್ಯಾನ್ವಾಸ್ ಇಟ್ಟು ಕುಂಚದಿಂದ ಒತ್ತಿ ನೋಡಬೇಕು. ಕೊಂಡ ಬಣ್ಣಗಳಿಂದ ಒಂದು ಮಿಶ್ರಣ ಪಟ್ಟಿ ಮಾಡುವುದಂತೂ ಅತ್ಯಗತ್ಯ. ಒಂದೊಂದು ಜೋಡಿ ಬಣ್ಣಕ್ಕೆ ಬಿಳಿಯನ್ನು ಐದು ಹಂತದಲ್ಲಿ ಸೇರಿಸಿ ರಟ್ಟಿನ ಮೇಲೆ ಚೌಕಗಳಾಗಿ ಹಚ್ಚಿಟ್ಟರೆ, ಶಿಬಿರದಲ್ಲಿ ಮುಖದ ಯಾವುದೋ ಬಣ್ಣ ಕಂಡಾಗ ಅದರ ಮೂಲ ಯಾವುದೆಂದು ಹುಡುಕುತ್ತ ಕೂರಬೇಕಿಲ್ಲ.

ಹಸಿ ಚಿತ್ರವನ್ನು ಬಸ್ಸಿನಲ್ಲಿ ತರುವ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಂಡಿರಬೇಕು. ಒಂದೇ ಅಳತೆಯ ಇನ್ನೊಂದು ಖಾಲಿ ಕ್ಯಾನ್ವಾಸನ್ನು ಎದುರುಬದುರಾಗಿಟ್ಟು, ನಾಲ್ಕು ಮೂಲೆಗೆ ಥರ್ಮಾಕೋಲ್ ತುಂಡು ಕೊಟ್ಟು, ಸುತ್ತ ದಾರ ಬಿಗಿದರೆ ಬಣ್ಣಕ್ಕೆ ಏನೂ ತಾಗುವುದಿಲ್ಲ. ಮನೆಗೆ ಬಂದ ರಾತ್ರಿಯೇ ಕುಂಚಗಳನ್ನು ಸಾಬೂನಿನಿಂದ ತೊಳೆದು, ಕೂದಲನ್ನು ಬೆರಳಿನಿಂದ ತಿದ್ದಿ ಮಲಗಿಸಿ ಒಣಗಿಸಬೇಕು. ಚಿತ್ರವನ್ನು ಗಾಳಿ ಬೆಳಕಿರುವ, ದೂಳಿಲ್ಲದ ಕಡೆ ಗೋಡೆಗೆ ತೂಗುಹಾಕಬಹುದು. ಕತ್ತಲ ಕಪಾಟಿನಲ್ಲಿಟ್ಟರೆ ಎಣ್ಣೆ ಹಳದಿಗಟ್ಟುತ್ತದೆ. ವಾರ್ನಿಶ್ ಹಚ್ಚಲು ಆರು ತಿಂಗಳಾದರೂ ಕಾಯಬೇಕು; ಬಣ್ಣ ದಪ್ಪವಾಗಿದ್ದರೆ ಒಂದು ವರ್ಷ.